ಕೊಹಾರುವಿಗೆ ಒಂದು ಬಿಳಿ ಸೇವಂತಿಗೆ

ಶಿನ್ಶು, ನವೆಂಬರ್

ಅಕ್ಕಾ,

ನಿವೃತ್ತನಾದ ಮೇಲೆ ಈ ಚಳಿ ಊರಿನ ಮಿದುಳು ಸಂಶೋಧನಾಲಯ ಸೇರಿ ತಿಂಗಳಾಯಿತು. ಯಾರೂ ಮಾತಾಡಿಸುವುದಿಲ್ಲ. ಪೆನ್ಸಿಲ್ ಹಿಡಿದ ಮುದಿ ಎಂಜಿನಿಯರ್ ಹತ್ತಿರ ಅವರಿಗೇನು ಮಾತು?

ಪ್ರಯೋಗದಲ್ಲಿ ಸತ್ತ ಪ್ರಾಣಿಗಳಿಗೆ ಇಲ್ಲಿ ವರ್ಷಕ್ಕೊಮ್ಮೆ ಪೂಜೆ ಮಾಡುತ್ತಾರೆ. ಅದು ಇವತ್ತಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಪ್ರಾಣಿಯನ್ನು ನೆನೆದು ಅವುಗಳ ನೆನಪಿಗೆ ನೆಟ್ಟ ಕಲ್ಲಿನ ಮುಂದೆ ಬಿಳಿ ಸೇವಂತಿಗೆ ಇಟ್ಟರು. ನಾನು ಹೂ ಹಿಡಿದು ಪೆಚ್ಚಾಗಿ ನಿಂತೆ. ಮಿದುಳಿನ ಸಮೀಕರಣ ಬರೆಯುತ್ತಲೇ ತಲೆ ನರೆತರೂ ನಾನು ಒಂದು ಇಲಿಯನ್ನೂ ಮುಟ್ಟಿದವನಲ್ಲ.

ಪಕ್ಕದ ಕೋಣೆಯ ಸಂಶೋಧಕಿ ಕುವಬಾರಾ ಕೇಳಿದಳು: "ಯಾಕ್ ಸಾರ್, ನಿಮ್ಮದು ಯಾವುದೂ ಇಲ್ವಾ?"

"ನಂದು ಬರೀ ಲೆಕ್ಕ ಕಣಮ್ಮ."

"ಲೆಕ್ಕಕ್ಕೆ ಅಂಕಿ ಆಕಾಶದಿಂದ ಉದುರುತ್ತಾ? ನೀವು ಟೋಕಿಯೋದಲ್ಲಿ ಕೂತು ಇಷ್ಟು ವರ್ಷ ಗುಣಿಸಿದ್ದೆಲ್ಲ ನಮ್ಮ ಕೋತಿ ಕೊಹಾರು ಕೊಟ್ಟ ಅಂಕಿ. ಅವಳಿಗಿಡಿ. ಸಿಹಿಗೆಣಸು ಕಂಡ್ರೆ ಕುಣೀತಿದ್ಲು."

ಇಟ್ಟೆ.

ಮಂಡಿನೋವು ಬಿಟ್ಟರೆ ಆರೋಗ್ಯ. ಹತ್ತಿ ತುಂಬಿದ ಅಂಗಿ ಕಳಿಸು. ಕಾರ್ಡಿನಲ್ಲಿ ಜಾಗ ಮುಗಿಯಿತು. ಈ ಊರಿನಲ್ಲಿ ನನಗೆ ಹಳೇ ಪರಿಚಯದವಳೆಂದರೆ ಆ ಕೊಹಾರು ಒಬ್ಬಳೇ. ಹೋದ ಚಳಿಗಾಲದಲ್ಲಿ ತೀರಿಕೊಂಡಳಂತೆ.

ತಮ್ಮ ಹಿಸಾಮಿಚಿ