ಅಬ್ಬಿಗೆರೆಯ ಎಂಬತ್ತು ಅಡಿ ರಸ್ತೆ

ಮಾರ್ಚ್ 4, ಸೋಮವಾರ. ಸಂಜೆ 6.40
ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಬಸ್ಸು ಇನ್ನೂ ನಿಂತೇ ಇದೆ. ನಿಂತುಕೊಂಡೇ ಫೋನಿನಲ್ಲಿ ಕ್ಲಾಸ್ ಕೇಳಿದೆ. ಆಫೀಸಿನವರು ಸೇರಿಸಿದ ಆನ್‌ಲೈನ್ ಕೋರ್ಸ್—ಯುರೋಪಿನಲ್ಲಿ ಊರುಗಳನ್ನು ಹೇಗೆ ಪ್ಲಾನ್ ಮಾಡುತ್ತಾರೆ ಎಂದು. ಹದಿನೇಳು ವರ್ಷ ರಸ್ತೆಗಳ ನಕ್ಷೆ ಬರೆದ ಮೇಲೆ ಮತ್ತೆ ವಿದ್ಯಾರ್ಥಿನಿ. ನೆದರ್ಲೆಂಡ್ಸ್‌ನಲ್ಲಿ ಯೋಜನೆಯ ಕರಡನ್ನು ಆರು ವಾರ ಜನರ ಮುಂದಿಡುತ್ತಾರಂತೆ. ನಮ್ಮಲ್ಲೂ ಆಕ್ಷೇಪಣೆ ಕೇಳುತ್ತಾರೆ... ಪೇಪರಿನ ಒಳಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ಕಾಲು ನೋವು.

ಮಾರ್ಚ್ 11
ಅಸೈನ್‌ಮೆಂಟ್: ನೀವೇ ಬರೆದ ನಕ್ಷೆ ಹಿಡಿದು ಅಲ್ಲಿಯವರ ಜೊತೆ ನಡೆಯಿರಿ. ನನ್ನದು ಅಬ್ಬಿಗೆರೆಯ ಹೊಸ ರಸ್ತೆ. ಸ್ಯಾಟಲೈಟ್ ಚಿತ್ರದ ಮೇಲೆ ಎಳೆದ ಗೆರೆ. ಆ ಕಡೆ ಕಾಲಿಟ್ಟಿಲ್ಲ. ಇನ್ನು ಭಾನುವಾರದ ರಜೆಯೂ ಇಲ್ಲ.

ಮಾರ್ಚ್ 17, ಭಾನುವಾರ
ಅಬ್ಬಿಗೆರೆಗೆ ಹೋದೆ. ಜೊತೆಗೆ ನಡೆಯಲು ಬಂದ ಮುನಿನಾರಾಯಣಮ್ಮ ಅಲ್ಲಿಯ ಹಳಬರು. ಎಪ್ಪತ್ತು ದಾಟಿದೆ. ನಕ್ಷೆ ನೋಡಲಿಲ್ಲ, ಮುಂದೆ ನಡೆದರು. ನಾನು "ಖಾಲಿ ಜಾಗ" ಎಂದು ಬರೆದಿದ್ದ ಕಡೆ ನಿಂತರು. ಹುಲ್ಲಿನೊಳಗೆ ಸಾಲಾಗಿ ಸಣ್ಣ ಕಲ್ಲುಗಳು.
"ಖಾಲಿ ಅಂತ ಯಾರಮ್ಮ ಏಳಿದ್ದು? ಆಲು ಕುಡಿಯೋ ಕೂಸ್ಗಳು ತೀರ್ಕೊಂಡ್ರೆ ಇಲ್ಲೇ ಮಣ್ ಮಾಡ್ತಿದ್ವಿ. ನನ್ವೂ ಎರಡವೆ."
"ನಾನೇ ಅಮ್ಮ, ಬರೆದಿದ್ದು."
ಬೈಯಲಿಲ್ಲ. ಕುಡಿಯಲು ನೀರು ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 18
ಬಾಸ್ ವಾಸು ಸರ್‌ಗೆ ಹೇಳಿದೆ.
"ರೆಕಾರ್ಡಲ್ಲಿ ಸ್ಮಶಾನ ಅಂತ ಇದ್ಯಾ? ಇಲ್ವಲ್ಲ. ಶುಕ್ರವಾರ ಸಬ್‌ಮಿಟ್ ಮಾಡ್ಬೇಕು ಕಣ್ರೀ ಪದ್ಮಶ್ರೀ. ಸರ್ಟಿಫಿಕೇಟ್ ತಗೊಳ್ಳಿ, ಸಾಕು. ಪಾಠಾನ ಇಲ್ಲಿಗ್ ತರ್ಬೇಡಿ."
ತಲೆಯಾಡಿಸಿ ಬಂದೆ. ವಾದಕ್ಕೆ ತ್ರಾಣವಿಲ್ಲ.

ಮಾರ್ಚ್ 22, ಶುಕ್ರವಾರ
ನಕ್ಷೆಯಲ್ಲಿ ರಸ್ತೆಯ ಗೆರೆಯನ್ನು ಮೂವತ್ತು ಮೀಟರ್ ಪಕ್ಕಕ್ಕೆ ಸರಿಸಿದೆ. ಒಂದು ಗೋಡೌನಿನ ಕಾಂಪೌಂಡ್ ಹೋಗುತ್ತದೆ, ಅಷ್ಟೆ. "ಖಾಲಿ ಜಾಗ" ಅಳಿಸಿ "ಮಕ್ಕಳ ಸ್ಮಶಾನ" ಎಂದು ಬರೆದು ಸಹಿ ಹಾಕಿದೆ. ವಾಸು ಸರ್ ನನ್ನ ಸಹಿಯ ಮೇಲೆ ಬೆರಳಿಟ್ಟರು.
"ಕ್ಲೈಂಟ್ ಕೇಳಿದ್ರೆ ನೀವೇ ಉತ್ತರ ಕೊಡ್ಬೇಕು. ನಿಮ್ ಪರ ನಾನ್ ಮಾತಾಡಲ್ಲ."
ಹಾಗೆಯೇ ಕಳಿಸಿದರು. ಮನೆಗೆ ಬಂದು ಚಪ್ಪಲಿ ಬಿಚ್ಚದೆ ಕೂತೆ.

ಮಾರ್ಚ್ 27. ಬೆಳಿಗ್ಗೆ 11
ರಸ್ತೆ ಮಾಡಿಸುತ್ತಿರುವ ಕ್ಲೈಂಟ್ ಆಫೀಸಿನ ವರಾಂಡ. ಉತ್ತರ ಕೊಡಲು ಕರೆಸಿದ್ದಾರೆ. ತಕರಾರು ತಂದ ಗೋಡೌನಿನವರು ಒಳಗಿದ್ದಾರೆ, ದನಿ ಕೇಳಿಸುತ್ತಿದೆ. ಪಕ್ಕದಲ್ಲಿ ಮುನಿನಾರಾಯಣಮ್ಮ. ಫೋನ್ ಮಾಡಿ ವಿಷಯ ಹೇಳಿದ್ದೆ ಅಷ್ಟೆ, ತಾವೇ ಆಟೋ ಹಿಡಿದು ಬಂದಿದ್ದಾರೆ.
"ಒಳ್ಗಡೆ ಏನ್ ಏಳ್ಲಮ್ಮ?"
"ನನಗೆ ಹೇಳಿದ್ದೇ ಹೇಳಿ."
"ಕೂಸ್ಗಳ್ ಎಸ್ರೂ ಏಳ್ಲಾ?"
ಹೆಸರಿಟ್ಟಿದ್ದರೆಂದು ಗೊತ್ತಿರಲಿಲ್ಲ. ಅವತ್ತು ನಾನು ಕೇಳಿಯೂ ಇರಲಿಲ್ಲ. "ಹೇಳಿ," ಎಂದೆ.
ಬಾಗಿಲು ತೆರೆಯಿತು. ನನಗಿಂತ ಮೊದಲು ಅವರೇ ಎದ್ದು ಸೆರಗು ಸರಿಮಾಡಿಕೊಂಡು ಒಳಗೆ ನಡೆದರು.