ತುಕ್ಕು, ಗುಳಿಗೆ, ಅರವತ್ತೆಂಟು ಮೆಟ್ಟಿಲು

ಮಾರ್ಚ್ 3, ಬೆಳಿಗ್ಗೆ

…ಹಾಗಂತ, ಗುಳಿಗೆ ಬೇಡ ಅಂತ ನಾದಿನಿ ಹೇಳಿದ್ದನ್ನೆಲ್ಲ ನಂಬೋಕಾಗುತ್ತಾ? ಕೆಮಿಸ್ಟ್ರಿ ಟೀಚರ್ ಆಗಿದ್ದಳು, ಸರಿ. ನಾನೂ ಮೂವತ್ತು ವರ್ಷ ಬಸ್ ಕಾರ್ಖಾನೆಯಲ್ಲಿ ತುಕ್ಕು ತಡೆಯೋ ಬಣ್ಣ ಬಳಿಸಿದವನು. ತುಕ್ಕಿಗೆ ಕಾಲೇಜಲ್ಲಿ ಆಕ್ಸಿಡೇಷನ್ ಅಂತಿದ್ದರು, ಉರು ಹೊಡೆದಿದ್ದೆ — ಆಕ್ಸಿಡೇಷನ್ ಈಸ್ ದ ಲಾಸ್ ಆಫ್… ಏನೋ ಒಂದರ ಲಾಸ್.

ಮೈ ದಂಡಿಸಿದರೆ ಒಳಗೂ ಅದೇ ತುಕ್ಕಂತೆ, ಪೇಪರಿನಲ್ಲಿ ಓದಿದ್ದು. ಅದಕ್ಕೇ ವಿಟಮಿನ್ ಸಿ, ಇ ಗುಳಿಗೆ. ದಿನಕ್ಕೆ ಎರಡೆರಡು.

ಮಗಳ ಮನೆ ನಾಲ್ಕನೇ ಮಹಡಿ, ಅರವತ್ತೆಂಟು ಮೆಟ್ಟಿಲು, ಲಿಫ್ಟಿಲ್ಲ. ಆರು ತಿಂಗಳ ಬಸುರಿ, ಹಾಸಿಗೆ ಬಿಟ್ಟು ಏಳಬಾರದು. ತಾಯಿಯಿಲ್ಲದ ಹುಡುಗಿ. ಜ್ವರದಿಂದೆದ್ದ ಮೇಲೆ ನನ್ನ ಕಾಲು ನನ್ನದಲ್ಲ. ಹೋದ ವಾರ ಎರಡನೇ ಮಹಡಿಯಲ್ಲೇ ಕೂತುಬಿಟ್ಟೆ. ಅಳಿಯ ಕೆಳಗಿಳಿಸಿದ. "ಹಾರ್ಟ್ ಚೆನ್ನಾಗಿದೆ, ದಿನಾ ಹತ್ತಿ ಅಭ್ಯಾಸ ಮಾಡಿ" ಅಂದ್ರು ಡಾಕ್ಟರು.

ಮಾರ್ಚ್ 19

ನಮ್ಮ ಕಟ್ಟಡದಲ್ಲೇ ಅಭ್ಯಾಸ. ಮೂವತ್ತು ಮೆಟ್ಟಿಲು ದಾಟಲ್ಲ. ಗುಳಿಗೆ ಮೂರಕ್ಕೇರಿಸಿದೆ. ಇವತ್ತು ನಾದಿನಿ ಬಂದವಳು ಡಬ್ಬಿಗಳನ್ನ ನೋಡಿದಳು.

"ಏನು ಭಾವ, ಮೆಡಿಕಲ್ ಶಾಪ್ ಇಟ್ಟಿದ್ದೀರಾ?"

"ಮೈಗೆ ತುಕ್ಕು ತಡೆಯೋ ಪ್ರೈಮರ್ ಕಣಮ್ಮ. ದಪ್ಪ ಬಳಿದಷ್ಟೂ ಒಳ್ಳೇದು."

"ಹೌದಾ? ಕಾರ್ಖಾನೇಲಿ ಪೇಂಟರುಗಳು ದಪ್ಪ ಬಳಿದ್ರೆ ಬೈತಿದ್ದೋರು ಯಾರು?"

ನಾನೇ. ದಪ್ಪ ಬಳಿದರೆ ಬಿರುಕು ಬಿಟ್ಟು ಕಳಚುತ್ತೆ. ಅವಳು ಬಿಡಲಿಲ್ಲ.

"ಕಬ್ಬಿಣಕ್ಕೆ ತುಕ್ಕು ಹಿಡಿದ್ರೆ ಹಾಳು. ಮೈಗೆ ಚೂರು ಹಿಡಿದ್ರೆ ಅದೇ ಪಾಠ, ಮುಂದಿನ ಸಲ ತಾನೇ ತಡ್ಕೊಳ್ಳೋದು ಕಲಿಯುತ್ತೆ. ರಾಶಿ ಗುಳಿಗೆ ನುಂಗಿ ಪಾಠಕ್ಕೇ ಚಕ್ಕರ್ ಹೊಡೆಸ್ತಿದ್ದೀರೇನೋ. ಹಣ್ಣು ತರಕಾರೀಲಿರೋದು ಸಾಕು."

ಚೀಲದ ತುಂಬ ಕಿತ್ತಳೆ, ಬೀಟ್‌ರೂಟ್, ಪಾಲಕ್ ತಂದಿದ್ದಳು. "ಅಕ್ಕ ಇದ್ದಿದ್ರೆ ಈ ಡಬ್ಬಿ ಕಿಟಕಿಯಿಂದಾಚೆ ಇರ್ತಿತ್ತು" ಅಂದಳು. ನಿಜ. ನಾನೂ ಜೊತೆಗೇ ಇರ್ತಿದ್ದೆ, ಆಚೆ.

ಏಪ್ರಿಲ್ 27, ಸಂಜೆ

ಹತ್ತಿದೆ. ಅರವತ್ತೆಂಟೂ! ಅವತ್ತೇ ಗುಳಿಗೆ ಬಿಟ್ಟಿದ್ದಕ್ಕೋ, ದಿನಾ ಹತ್ತಿದ್ದಕ್ಕೋ, ಕಿತ್ತಳೆಗೋ, ಗೊತ್ತಿಲ್ಲ. ಮೂರಕ್ಕೂ ಋಣಿ. ನಾದಿನಿಗೆ ಇನ್ನೂ ಹೆಚ್ಚು.

ಮಗಳು ಮಲಗಿದಲ್ಲಿಂದಲೇ, "ಅಪ್ಪಾ! ಯಾರು ಎತ್ಕೊಂಡ್ ಬಂದ್ರು?"

"ನಾನೇ ಕಣೆ, ನನ್ನನ್ನ."

ನಕ್ಕಳು, ಆಮೇಲೆ ಅತ್ತಳು. ನಾದಿನಿಗೆ ಫೋನ್ ಮಾಡಿ ಥ್ಯಾಂಕ್ಸ್ ಅಂದೆ. "ಥ್ಯಾಂಕ್ಸ್ ಆಮೇಲೆ, ಇಳಿಯುವಾಗ ಕಂಬಿ ಹಿಡ್ಕೊಳ್ಳಿ ಭಾವ" ಅಂದಳು.

ಮಗಳಿಗೆ ಈಗ ನಿದ್ದೆ. ನನ್ನ ಎಡಗೈ ಬೆರಳು ಹಿಡಿದೇ ಮಲಗಿದ್ದಾಳೆ, ಚಿಕ್ಕವಳಿದ್ದಾಗಿನ ಹಾಗೆ. ಪುಸ್ತಕ ಮೊಣಕಾಲ ಮೇಲಿಟ್ಟು ಬರೀತಿದ್ದೀನಿ. ಅಕ್ಷರ ಮಸುಕು… ಓ, ಬೆಳಕು ಹೋಗ್ತಿದೆ. ದೀಪದ ಸ್ವಿಚ್ಚು ಆ ಕಡೆ ಗೋಡೆಗೆ. ಎದ್ದರೆ ಬೆರಳು ಬಿಡಿಸ್ಕೋಬೇಕು —