ಸ್ಪ್ರಿಂಗಿನ ಮೇಲೊಂದು ಬೆರಳು

ಪ್ರೀತಿಯ ಮೊಂಡ ತಮ್ಮಾ,

ಈ ಕಾಗದ ಮುಟ್ಟಿದೊಡನೆ ನಿನ್ನ ಬೆರಳು ತಡವರಿಸೀತು. ಇಷ್ಟು ವರ್ಷ ಅಕ್ಕನ ಕಾಗದಗಳನ್ನು ಪಕ್ಕದ ಮನೆಯ ಟೈಲರ್ ಓದಿ ಹೇಳುತ್ತಿದ್ದರು. ಈ ಸಲ ಚುಕ್ಕಿಗಳಲ್ಲಿ ಬಂದಿದೆ. ಹೌದು, ಬ್ರೈಲ್ ಕಲಿತೆ. ಏಕೆ ಎಂದು ಕೇಳುವ ಮುನ್ನ ಪೂರ್ತಿ ಓದು. ಒಂದೊಂದೇ ಚುಕ್ಕಿ ಚುಚ್ಚುತ್ತಾ ನಾಲ್ಕು ದಿನ ಹಿಡಿಯಿತು. ತಪ್ಪಿದ್ದರೆ ನಗು, ಪರವಾಗಿಲ್ಲ.

ನಿನಗೆ ಹದಿನೇಳಾಗಿತ್ತು. ನಿನ್ನ ಕಣ್ಣು ಪೂರ್ತಿ ಹೋದ ವರ್ಷವೇ ನಾನು ಸ್ಪ್ರಿಂಗ್ ಕಾರ್ಖಾನೆಗೆ ಸೇರಿದ್ದೆ. ಅಲ್ಲಿನ ನಕ್ಷೆಯಲ್ಲಿ ಕಂಡ 'ಹೆಲಿಕ್ಸ್' ಎಂಬ ಪದವನ್ನು ಮನೆಗೆ ತಂದು ಜಂಬ ಕೊಚ್ಚಿದೆ. "ಸುರುಳಿ ಅಂದ್ರೆ ಸಾಲ್ದಾ? ಅದಕ್ಕೊಂದು ದೊಡ್ಡ ಹೆಸರು ಬೇರೆ!" ಎಂದೆ ನೀನು. ನಾನು ಬಿಡಲಿಲ್ಲ. ನಿನ್ನ ಕೈಗೆ ಮೊದಲು ನನ್ನ ಬಳೆ ಕೊಟ್ಟೆ, ಆಮೇಲೆ ಸೊಳ್ಳೆಬತ್ತಿ, ಕೊನೆಗೆ ಒಂದು ಸ್ಪ್ರಿಂಗ್. ಬಳೆಯ ಮೇಲೆ ನಿನ್ನ ಬೆರಳು ಹೊರಟಲ್ಲಿಗೇ ಬಂತು. ಸೊಳ್ಳೆಬತ್ತಿಯ ಮೇಲೆ ಸುತ್ತು ಸಣ್ಣದಾಗುತ್ತಾ ನಡುವಿಗೆ ಹೋಗಿ ನಿಂತಿತು. ಸ್ಪ್ರಿಂಗಿನ ಮೇಲೆ ಮಾತ್ರ ಸುತ್ತು ಸಣ್ಣದಾಗಲಿಲ್ಲ, ಬೆರಳು ಹೊರಟ ಜಾಗಕ್ಕೂ ಬರಲಿಲ್ಲ. ಎಷ್ಟೋ ಹೊತ್ತು ಸವರಿ, "ಅಕ್ಕಾ, ಅದೇ ಜಾಗಕ್ಕೆ ಬಂದೆ ಅಂದ್ಕೊಂಡೆ, ನೋಡಿದ್ರೆ ಒಂದು ಎಳೆ ಮೇಲಿದೀನಿ" ಎಂದೆ. 'ನೋಡಿದ್ರೆ' ಎಂದದ್ದಕ್ಕೆ ಇಬ್ಬರೂ ನಕ್ಕೆವು. ನಾನು ಅಡುಗೆಮನೆಗೆ ಹೋಗಿ ಅತ್ತುಬಂದೆ.

ಅದನ್ನು ನಿನಗೆ ಹೇಳಿರಲಿಲ್ಲ. ಹೇಳದ ಮಾತು ಇನ್ನೊಂದಿದೆ. ಆ ವರ್ಷವೇ ಕಣ್ಣಿನ ಡಾಕ್ಟರು, "ಇದು ಮನೆತನದಲ್ಲಿ ಬರೋದು, ನಿಮ್ಮಜ್ಜನಿಗೂ ಇತ್ತಲ್ಲ, ನಿಮ್ಮ ಕಣ್ಣೂ ಒಮ್ಮೆ ತೋರಿಸಿ" ಎಂದು ನನ್ನ ಕೈಗೊಂದು ಚೀಟಿ ಕೊಟ್ಟಿದ್ದರು. ಅದನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಹರಿದು ಹಾಕಿದೆ. ಅಮ್ಮನಿಗೆ "ಏನೂ ಇಲ್ಲ" ಎಂದೆ. ನಿನ್ನಂತಾಗುವುದಕ್ಕೆ ಹೆದರಿದ್ದೆ, ತಮ್ಮಾ. ಇಪ್ಪತ್ತು ವರ್ಷ ನೀನು ನನ್ನ ಮೊಣಕೈ ಹಿಡಿದು ರಸ್ತೆ ದಾಟುವಾಗಲೆಲ್ಲ ಆ ಚೀಟಿ ನೆನಪಾಗುತ್ತಿತ್ತು.

ಈ ವರ್ಷ ಕಾರ್ಖಾನೆಯಲ್ಲಿ ಪಕ್ಕದಿಂದ ಬಂದ ತಳ್ಳುಗಾಡಿ ಕಾಣದೆ ಎರಡು ಸಲ ಢಿಕ್ಕಿ ಹೊಡೆದೆ. "ಏನಮ್ಮಾ, ಕಣ್ಣು ನೆತ್ತಿಗೇರಿದ್ಯಾ?" ಎಂದರು ಮೇಸ್ತ್ರಿ. ನಕ್ಕುಬಿಟ್ಟೆ. ಕಳೆದ ತಿಂಗಳು ತೋರಿಸಿಕೊಂಡೆ. ಅದೇ ಕಾಯಿಲೆ. ನೋಟ ಅಂಚಿನಿಂದ ಮುಚ್ಚುತ್ತಾ ನಡುವಿಗೆ ಬರುತ್ತದಂತೆ. ಇನ್ನೆಷ್ಟು ವರ್ಷ ಎಂದು ಡಾಕ್ಟರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದಿನಿಂದ ಬೆಳಿಗ್ಗೆ ಕಣ್ಣು ಬಿಡುವುದಕ್ಕೇ ಭಯ. ಕಿಟಕಿಯ ನಾಲ್ಕು ಮೂಲೆಯೂ ಇದೆಯೇ ಎಂದು ಎಣಿಸುತ್ತೇನೆ. ನಿನ್ನೆ ಮೂರೇ ಸಿಕ್ಕವು. ತಲೆ ಹೊರಳಿಸಿದ ಮೇಲೆ ನಾಲ್ಕನೆಯದು ಬಂತು. ಇದು ಸೊಳ್ಳೆಬತ್ತಿಯ ದಾರಿಯೇ ಎನಿಸಿತು.

ಈಗ ಕೆಲಸದಲ್ಲಿ ಕಣ್ಣು ಮುಚ್ಚಿ ಸ್ಪ್ರಿಂಗ್ ಸವರಿ ನೋಡುತ್ತೇನೆ. ಮೊನ್ನೆ ಕಣ್ಣಿಗೆ ಸರಿಯೆಂದು ಕಂಡ ಒಂದು ಸ್ಪ್ರಿಂಗನ್ನು ಬೆರಳು ಬೇಡವೆಂದಿತು. ಅಳತೆ ಹಿಡಿದರೆ ಬೆರಳು ಹೇಳಿದ್ದೇ ಸರಿ. ಅಜ್ಜನಿಗೆ ಬಂತು, ನಿನಗೆ ಬಂತು, ಈಗ ನನಗೂ ಬಂತು. ಬಂದು ನಿಂತದ್ದು ಅದೇ ಜಾಗಕ್ಕೆ. ಆದರೆ ಅಜ್ಜನ ಮುಂದೆ ದಾರಿ ಬಲ್ಲವರು ಯಾರೂ ಇರಲಿಲ್ಲ. ನನ್ನ ಮುಂದೆ ನೀನಿದ್ದೀಯ. ಸ್ಪ್ರಿಂಗ್ ಸವರಿ ನೀನು ಹೇಳಿದ 'ಒಂದು ಎಳೆ ಮೇಲೆ' ಇದೇ ಇರಬಹುದೇ? ಹೀಗೆಂದುಕೊಂಡರೂ ಹೆದರಿಕೆ ಮಾತ್ರ ಹೋಗಿಲ್ಲ.

"ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು ಅಂತಾರಲ್ಲ, ಒಂದು ಮೆಳ್ಳೆಗಣ್ಣಾದ್ರೂ ಎರವಲು ಕೊಡಕ್ಕಾ" ಎಂದು ನೀನು ಸತಾಯಿಸುತ್ತಿದ್ದೆ. ಕೊಡಲು ಇನ್ನು ನನ್ನ ಬಳಿಯೂ ಇರುವುದಿಲ್ಲ. ಭಾನುವಾರ ನಿನ್ನ ಮನೆ ಹತ್ತಿರದ ಬಸ್ ನಿಲ್ದಾಣಕ್ಕೆ ಬರುತ್ತೇನೆ. ಕೋಲನ್ನು ಬಲಗೈಯಲ್ಲಿ ಹಿಡಿ; ಎಡ ಮೊಣಕೈ ನನಗಿರಲಿ. ಈ ಸಲ ರಸ್ತೆ ನೀನು ದಾಟಿಸು. ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ.

ನಿನ್ನ ಬೆರಳುಗಳು ನೂರು ವರ್ಷ ಚುರುಕಾಗಿರಲಿ.

ಹೆದರಿರುವ,
ನಿನ್ನ ಅಕ್ಕ